ಎನ್‌ಸಿಸಿ, ಸ್ಕೌಟ್ ಶಿಬಿರಗಳಲ್ಲಿ ಮಕ್ಕಳ ಜೊತೆ ಯಾರಿರಬೇಕು, ಆ ಜನ ಎಲ್ಲಿಂದ ಬರಬೇಕು?

ಕರಾವಳಿಯ ಎಎನ್‌ಒ

ಮಾನ್ಯರೇ, ಉಡುಪಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ವಾಣಿಜ್ಯ ವಿಭಾಗದ ಉಪನ್ಯಾಸಕ, ಜೊತೆಗೆ ಅಲ್ಲಿನ ಎನ್‌ಸಿಸಿ ಘಟಕದ ಎಎನ್‌ಒ, ಅಂದರೆ ಘಟಕದ ಹೊಣೆ ಹೊತ್ತ ಅಧ್ಯಾಪಕ-ಅಧಿಕಾರಿ. ನಮ್ಮ ಘಟಕ ಸೇರಿರುವ ಎನ್‌ಸಿಸಿ ಬೆಟಾಲಿಯನ್‌ನಿಂದ ವಾರ್ಷಿಕ ತರಬೇತಿ ಶಿಬಿರದ ಪತ್ರ ಬಂದಿದೆ. ಹುಡುಗರಿಗೂ ಹುಡುಗಿಯರಿಗೂ ಸ್ಥಾನಗಳಿವೆ. ಹುಡುಗಿಯರನ್ನು ಕಳುಹಿಸಬೇಕಾದರೆ ಒಬ್ಬ ಮಹಿಳಾ ಸಿಬ್ಬಂದಿ ಜೊತೆಗೆ ಹೋಗಿ, ಶಿಬಿರ ಮುಗಿಯುವವರೆಗೂ ಅಲ್ಲೇ ಉಳಿಯಬೇಕು. ನಮ್ಮಲ್ಲಿರುವ ಕಾಯಂ ಉಪನ್ಯಾಸಕಿಯರು ಇಬ್ಬರೇ. ಒಬ್ಬರು ಹೆರಿಗೆ ರಜೆಯಲ್ಲಿದ್ದಾರೆ, ಇನ್ನೊಬ್ಬರಿಗೆ ಮೌಲ್ಯಮಾಪನದ ಆದೇಶ ಬಂದಿದೆ. ಉಳಿದವರು ವರ್ಷ ವರ್ಷವೂ ಹೊಸದಾಗಿ ನೇಮಕಗೊಳ್ಳುವ ಅತಿಥಿ ಉಪನ್ಯಾಸಕಿಯರು. ಅವರ ಹೆಸರಿಗೆ ಶಿಬಿರದ ಹೊಣೆ ಬರೆದುಕೊಡಲು ಪ್ರಾಂಶುಪಾಲರು ಒಪ್ಪುತ್ತಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ತಿಳಿಯದವರ ಮೇಲೆ ಇಂಥ ಹೊಣೆ ಹೊರಿಸಬಾರದು ಎಂಬ ಅವರ ಮಾತನ್ನು ತೆಗೆದುಹಾಕುವಂತಿಲ್ಲ.

ಹೀಗಾಗಿ ಹುಡುಗರು ಹೊರಡುತ್ತಾರೆ, ಹುಡುಗಿಯರು ಉಳಿಯುತ್ತಾರೆ. ಶಿಬಿರ ಮಾಡದವರು ಎನ್‌ಸಿಸಿಯ ‘ಬಿ’ ಪ್ರಮಾಣಪತ್ರದ ಪರೀಕ್ಷೆಗೆ ಕೂರುವಂತಿಲ್ಲ ಎಂಬುದು ಇಲ್ಲಿ ಬಹುತೇಕರಿಗೆ ಗೊತ್ತಿದೆ.

1948ರಲ್ಲಿ ಸುಮಾರು 20,000 ಕೆಡೆಟ್‌ಗಳಿಂದ ಆರಂಭವಾದ ಸಂಸ್ಥೆ ಇದು. 2020ರ ಆಗಸ್ಟ್ 15ರಂದು ಗಡಿ ಮತ್ತು ಕರಾವಳಿಯ 173 ಜಿಲ್ಲೆಗಳಲ್ಲಿ ಒಂದು ಲಕ್ಷ ಹೊಸ ಕೆಡೆಟ್‌ಗಳನ್ನು ಸೇರಿಸುವುದಾಗಿಯೂ, ಅವರಲ್ಲಿ ಮೂರನೇ ಒಂದು ಭಾಗ ಹುಡುಗಿಯರಿರಬೇಕೆಂದೂ ಪ್ರಧಾನಿ ಘೋಷಿಸಿದರು. 2024ರಲ್ಲಿ ಇನ್ನೂ ಮೂರು ಲಕ್ಷ ಸ್ಥಾನಗಳಿಗೆ ಒಪ್ಪಿಗೆ ದೊರೆತು, ಒಟ್ಟು ಸಂಖ್ಯೆ 20 ಲಕ್ಷದತ್ತ ಹೊರಟಿದೆ. ನನಗೆ ಸಂತೋಷವೇ. ಆದರೆ ಮಕ್ಕಳ ಸಂಖ್ಯೆ ದೆಹಲಿಯಲ್ಲಿ ಏರುತ್ತದೆ, ಅವರ ಜೊತೆ ರಾತ್ರಿ ಉಳಿಯುವ ಹಿರಿಯರನ್ನು ಮಾತ್ರ ಪ್ರತಿ ಕಾಲೇಜೂ ತನ್ನ ಸ್ಟಾಫ್ ರೂಮಿನಲ್ಲೇ ಹುಡುಕಿಕೊಳ್ಳಬೇಕು. ಮೇಲ್ವಿಚಾರಣೆಯ ನಿಯಮ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ನಿಮ್ಮ ಕಡೆ ಇದನ್ನು ಹೇಗೆ ನಿಭಾಯಿಸುತ್ತಿದ್ದೀರಿ ಎಂದು ತಿಳಿಸಬೇಕಾಗಿ ವಿನಂತಿ.

ಕೆಡೆಟ್‌ನ ತಾಯಿ, ದಾವಣಗೆರೆ

ಸರ್, ನಿಮ್ಮ ಕಾಲೇಜಿನ ಹುಡುಗಿಯರಿಗೆ ಆಗಿರುವುದೇ ಹೋದ ವರ್ಷ ನನ್ನ ಮಗಳಿಗೂ ಆಯಿತು. ಸಮವಸ್ತ್ರ ಇಸ್ತ್ರಿ ಮಾಡಿಸಿ, ಬೂಟಿಗೆ ಪಾಲಿಶ್ ಹಾಕಿ, ವೈದ್ಯಕೀಯ ಪ್ರಮಾಣಪತ್ರವನ್ನೂ ತಂದಿಟ್ಟುಕೊಂಡಿದ್ದಳು. ಹೊರಡುವ ಹಿಂದಿನ ಸಂಜೆ ಕಾಲೇಜಿನಿಂದ ಕರೆ ಬಂತು. ಬರಬೇಕಿದ್ದ ಮೇಡಂ ಬರಲಾಗುತ್ತಿಲ್ಲವಾದ್ದರಿಂದ ಹುಡುಗಿಯರ ತಂಡ ರದ್ದಾಗಿದೆ ಎಂದರು. ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ‘ಮೇಡಂ ಇಲ್ಲದ್ದು ನನ್ನ ತಪ್ಪಾ ಅಮ್ಮಾ?’

ಹಾಗೆಂದು ಯಾರೂ ಇಲ್ಲದೆ ಕಳುಹಿಸಿ ಎಂದು ಯಾವ ತಾಯಿಯೂ ಹೇಳಲಾರಳು. 2024ರ ಆಗಸ್ಟ್‌ನಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ನಡೆದದ್ದನ್ನು ನಾವೆಲ್ಲ ಓದಿದ್ದೇವೆ. ಎನ್‌ಸಿಸಿ ಘಟಕವೇ ಇಲ್ಲದ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಹೆಸರಿನ ನಕಲಿ ಶಿಬಿರ ನಡೆಯಿತು. ಹೆಣ್ಣುಮಕ್ಕಳನ್ನು ಸಭಾಂಗಣದಲ್ಲಿ ಮಲಗಿಸಿದ್ದರು, ಕಾವಲಿಗೆ ಶಿಕ್ಷಕರು ಯಾರೂ ಇರಲಿಲ್ಲ. ತರಬೇತುದಾರನೆಂದು ಹೇಳಿಕೊಂಡು ಬಂದವನೇ ಮಗುವಿನ ಮೇಲೆ ದೌರ್ಜನ್ಯ ಎಸಗಿದ. ವಿಷಯ ತಿಳಿದ ಮೇಲೂ ಪೊಲೀಸರಿಗೆ ಹೇಳದೆ ಮುಚ್ಚಿಡಲು ನೋಡಿದ ಆರೋಪದ ಮೇಲೆ ಶಾಲೆಯವರೂ ಬಂಧನಕ್ಕೊಳಗಾದರು. ಅಂದಿನಿಂದ ಶಿಬಿರ ಎಂಬ ಮಾತು ಕಿವಿಗೆ ಬಿದ್ದರೆ, ನಾನು ಮೊದಲು ಕೇಳುವುದು ರಾತ್ರಿ ಯಾರಿರುತ್ತಾರೆ ಎಂದು.

ನಿವೃತ್ತ ಸುಬೇದಾರ್, ಕೊಡಗು

ನಾನು ಸೇವೆಯಲ್ಲಿದ್ದಾಗ ಎನ್‌ಸಿಸಿ ಬೆಟಾಲಿಯನ್ನಿನಲ್ಲಿ ಪಿಐ ಸಿಬ್ಬಂದಿಯಾಗಿ, ಅಂದರೆ ಸೇನೆಯಿಂದ ಬಂದ ತರಬೇತುದಾರನಾಗಿ ಕೆಲಸ ಮಾಡಿದವನು. ತಾಯಿಯವರ ಸಂಕಟ ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಕಾಗದದ ನಿಯಮ ಹೆಚ್ಚಾದಷ್ಟೂ ಮುಂದೆ ಬರುವವರು ಕಡಿಮೆಯಾಗುತ್ತಾರೆ. ನಮ್ಮ ಕಾಲದಲ್ಲಿ ಎಎನ್‌ಒಗಳು ಹೆಮ್ಮೆಯಿಂದ ಬರುತ್ತಿದ್ದರು, ಹೆಗಲ ಮೇಲಿನ ಪಟ್ಟಿಗೆ ಊರಿನಲ್ಲಿ ಮರ್ಯಾದೆ ಇತ್ತು. ಈಗ ಒಬ್ಬ ಕೆಡೆಟ್ ಓಡುವಾಗ ಬಿದ್ದು ಮೊಣಕಾಲು ತರಚಿಕೊಂಡರೂ ಮೂರು ಕಡೆ ವರದಿ ಬರೆಯಬೇಕು. ಶಿಬಿರದಲ್ಲಿ ಐನೂರು, ಆರುನೂರು ಮಕ್ಕಳಿರುತ್ತಾರೆ. ಮಕ್ಕಳ ಜೊತೆ ಯಾವಾಗಲೂ ಇಬ್ಬಿಬ್ಬರು ಹಿರಿಯರಿರಬೇಕು ಎಂದರೆ ಎಲ್ಲಿಂದ ತರುವುದು?

ಮಾಜಿ ಸೈನಿಕರನ್ನು ತರಬೇತುದಾರರಾಗಿ ತೆಗೆದುಕೊಳ್ಳುವ ಮಾತು 2024ರ ವಿಸ್ತರಣೆಯಲ್ಲಿಯೇ ಬಂದಿದೆ. ಅದು ಬೇಗ ಆಗಲಿ. ಕೊಡಗಿನಲ್ಲಿ ಬೀದಿಗೊಬ್ಬರು ಸಿಗುತ್ತೇವೆ.

ವಕೀಲೆ, ಧಾರವಾಡ

ಸುಬೇದಾರ್ ಸರ್, ನಿಮ್ಮ ಸೇವೆಗೆ ಗೌರವವಿದೆ. ಆದರೆ ತರಚಿದ ಮೊಣಕಾಲಿನ ವರದಿಯನ್ನೂ ರಾತ್ರಿ ಕಾವಲಿನ ನಿಯಮವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಎರಡನೆಯದು ಬೆಟಾಲಿಯನ್ನಿನ ಇಚ್ಛೆಗೆ ಬಿಟ್ಟ ವಿಷಯವೂ ಅಲ್ಲ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಪ್ರತಿಯೊಬ್ಬರೂ ಮಗುವೇ. ಪಿಯುಸಿ ಓದುವ ಕೆಡೆಟ್‌ಗಳಲ್ಲಿ ಬಹುಪಾಲು ಮಂದಿ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ತನ್ನ ಕೈಕೆಳಗಿನವರು ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಅದು ಒಂದು ವರ್ಷದವರೆಗೆ ಏರುತ್ತದೆ.

ಇಲ್ಲಿ ಯಾರೂ ಎತ್ತದ ವಿಷಯವೊಂದಿದೆ. 2020ರ ಪೋಕ್ಸೊ ನಿಯಮಗಳ 3ನೇ ನಿಯಮವು ಮಕ್ಕಳೊಡನೆ ನಿಯತವಾಗಿ ಒಡನಾಡುವ ಸಂಸ್ಥೆಗಳು ಕಾಲಕಾಲಕ್ಕೆ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ನಡೆಸಬೇಕು ಎನ್ನುತ್ತದೆ. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಲ್ಲರನ್ನೂ ಅದು ಹೆಸರಿಸುತ್ತದೆ. ಆದರೆ ಅದರ ಮಾತುಗಳೆಲ್ಲ ನೌಕರರ ಸುತ್ತಲೇ ತಿರುಗುತ್ತವೆ. ಸಂಬಳ ಪಡೆಯದೆ ಬರುವ ಹಳೆಯ ವಿದ್ಯಾರ್ಥಿ, ಪೋಷಕ, ನಿವೃತ್ತ ಸೈನಿಕ ಇವರು ಅದರೊಳಗೆ ಬರುತ್ತಾರೆಯೇ ಎಂದು ವಾದಕ್ಕೆ ನಿಂತರೆ, ಬರುವುದಿಲ್ಲ ಎನ್ನುವವರಿಗೂ ಆಧಾರ ಸಿಗುತ್ತದೆ. ನೌಕರರ ಕೊರತೆ ತುಂಬಲು ಸ್ವಯಂಸೇವಕರನ್ನು ಕರೆಯುತ್ತೇವೆ. ಯಾರ ಹಿನ್ನೆಲೆಯನ್ನು ಎಲ್ಲರಿಗಿಂತ ಹೆಚ್ಚು ಪರಿಶೀಲಿಸಬೇಕೋ ಅವರೇ ಪರಿಶೀಲನೆಯ ಬಲೆಯಿಂದ ಹೊರಗುಳಿಯುತ್ತಾರೆ. ಕೃಷ್ಣಗಿರಿಯ ಶಾಲೆ ಆ ನಕಲಿ ತರಬೇತುದಾರನ ಹಿನ್ನೆಲೆ ಹಾಗಿರಲಿ, ಎನ್‌ಸಿಸಿ ಅವನನ್ನು ಕಳುಹಿಸಿದೆಯೇ ಎಂಬುದನ್ನೇ ವಿಚಾರಿಸಿರಲಿಲ್ಲ. ಬೆಟಾಲಿಯನ್ನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಕಾಯ್ದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಶಾಲೆ, ಕಾಲೇಜುಗಳು ಸ್ವಯಂಸೇವಕರಿಂದಲೂ ಅದನ್ನು ಕೇಳಿ ಪಡೆಯಲಿ.

ಕೇರ್‌ಟೇಕರ್ ಮೇಷ್ಟ್ರು, ಕೊಪ್ಪಳ

ನಾನು ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕ. ನಮ್ಮಲ್ಲಿ ಎನ್‌ಸಿಸಿ ಜೂನಿಯರ್ ವಿಭಾಗದ ಟ್ರೂಪ್, ಅಂದರೆ ಶಾಲಾ ಮಕ್ಕಳ ತುಕಡಿ ಇದೆ. ಕಾಂಪ್ಟಿಯ ಎನ್‌ಸಿಸಿ ಅಕಾಡೆಮಿಗೆ ಹೋಗಿ ತರಬೇತಿ ಪಡೆದುಬಂದಿದ್ದ ನಮ್ಮ ಎಎನ್‌ಒ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ಶಾಲೆಗೆ ವರ್ಗವಾದರು. ಆ ಶಾಲೆಯಲ್ಲಿ ಎನ್‌ಸಿಸಿಯೇ ಇಲ್ಲ. ಅವರ ಟೋಪಿ ಅಲ್ಲಿ ಕಪಾಟಿನಲ್ಲಿದೆ, ಅವರ ಟ್ರೂಪ್ ಇಲ್ಲಿ ನನ್ನ ಕೊರಳಿಗಿದೆ. ನಾನು ಕೇರ್‌ಟೇಕರ್, ಅಂದರೆ ದರ್ಜೆಯೂ ಇಲ್ಲ, ತರಬೇತಿಯೂ ಇಲ್ಲ, ಸಹಿ ಮಾತ್ರ ನನ್ನದು. ವರ್ಗಾವಣೆಯ ಪಟ್ಟಿ ಮಾಡುವ ಇಲಾಖೆಗೆ ಆ ಶಿಕ್ಷಕರ ಹಿಂದೆ ನೂರು ಮಕ್ಕಳ ಟ್ರೂಪ್ ಇದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಪರೇಡ್ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ಫಾಲ್ ಇನ್. ಬೆಟಾಲಿಯನ್ನಿನಿಂದ ಹವಾಲ್ದಾರ್ ಸಾಹೇಬರು ಬಂದರೆ ಅವರು ಡ್ರಿಲ್ ಮಾಡಿಸುತ್ತಾರೆ, ನಾನು ಹಾಜರಿ ಹಿಡಿದು ನಿಲ್ಲುತ್ತೇನೆ. ಅವರಿಗೆ ಬೇರೆ ಶಾಲೆಯೂ ಇದ್ದರೆ ನಾನೊಬ್ಬನೇ. ಯಾರಾದರೂ ತಲೆಸುತ್ತಿ ಬಿದ್ದರೆ ಆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕೋ, ಮೈದಾನದಲ್ಲಿ ಉಳಿದವರನ್ನು ನೋಡಿಕೊಳ್ಳಬೇಕೋ? ಎರಡನೆಯ ಹಿರಿಯರು ಬೇಕೆಂಬ ನಿಯಮ ಅನುಮಾನದಿಂದ ಹುಟ್ಟಿದ್ದೆಂದು ಅನೇಕರು ಮುನಿಸಿಕೊಳ್ಳುತ್ತಾರೆ. ನನಗೆ ಅದು ಇಂಥ ಬೆಳಗಿನ ಸರಳ ಲೆಕ್ಕವಾಗಿ ಕಾಣುತ್ತದೆ. ಮುಗಿಸಿ, ಉಪಾಹಾರ ಹಂಚಿಸಿ, ಒಂಬತ್ತೂವರೆಗೆ ತರಗತಿಗೆ ಓಡಬೇಕು. ಕಾರ್ಯಭಾರದಲ್ಲಿ ಇದಕ್ಕೆ ಒಂದು ಅವಧಿಯನ್ನೂ ಬಿಟ್ಟುಕೊಟ್ಟಿಲ್ಲ.

ಲೀಸ್ಟರ್ ಕನ್ನಡಿಗ

ಇಂಗ್ಲೆಂಡಿನಲ್ಲಿ ನಾನು ವಾರಕ್ಕೊಂದು ಸಂಜೆ ಸ್ಕೌಟ್ ತಂಡಕ್ಕೆ ಸ್ವಯಂಸೇವಕನಾಗಿ ಹೋಗುತ್ತೇನೆ. ಇಲ್ಲಿಯೂ ಜನರ ಕೊರತೆ ತೀವ್ರವಾಗಿದೆ. ಹಿರಿಯರು ಸಾಲದ ಕಾರಣ ದೇಶದಾದ್ಯಂತ ಒಂದು ಲಕ್ಷದಷ್ಟು ಮಕ್ಕಳು ಸ್ಕೌಟ್ ಸಂಸ್ಥೆಯ ಕಾಯುವ ಪಟ್ಟಿಯಲ್ಲಿದ್ದರು. ಹಾಗಾಗಿ ಶ್ರೀಮಂತ ದೇಶದಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಲು ನಾನು ಬಂದಿಲ್ಲ.

ಒಂದು ವ್ಯತ್ಯಾಸ ಮಾತ್ರ ಗಮನಕ್ಕೆ ಬಂದಿದೆ. ಇಲ್ಲಿ ಸಂಖ್ಯೆಯೇ ಬಾಗಿಲು ಕಾಯುತ್ತದೆ. ಸಭೆ ನಡೆಯುವ ಜಾಗ ಬಿಟ್ಟು ಹೊರಗೆ ಹೊರಟರೆ, ಎಂಟರಿಂದ ಹತ್ತೂವರೆ ವಯಸ್ಸಿನ ಕಬ್‌ಗಳಿಗೆ ಎಂಟು ಮಕ್ಕಳಿಗೊಬ್ಬರು, ಅದಕ್ಕಿಂತ ದೊಡ್ಡ ಸ್ಕೌಟ್‌ಗಳಿಗೆ ಹನ್ನೆರಡಕ್ಕೊಬ್ಬರು ಹಿರಿಯರಿರಬೇಕು. ತಂಡದ ನಾಯಕರು ಆ ಲೆಕ್ಕಕ್ಕೆ ಹೊರತು. ಹಿರಿಯರಿಲ್ಲದಿದ್ದರೆ ಹೊಸ ಮಗುವನ್ನು ಸೇರಿಸಿಕೊಳ್ಳುವುದಿಲ್ಲ, ಪಟ್ಟಿಯಲ್ಲಿಡುತ್ತೇವೆ. ಪೋಷಕರು ಬೈದುಕೊಳ್ಳುತ್ತಾರೆ, ಅವರಲ್ಲೇ ಕೆಲವರು ಬೇಸತ್ತು ‘ಸರಿ, ನಾನೇ ಬರುತ್ತೇನೆ’ ಎನ್ನುತ್ತಾರೆ. ನಮ್ಮ ತಂಡಕ್ಕೆ ಜನ ಬರುವುದು ಹೆಚ್ಚಾಗಿ ಈ ದಾರಿಯಿಂದಲೇ. ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಏನು ಮಾಡಬೇಕು, ಏನು ಮಾಡಬಾರದು, ಯಾರಿಗೆ ವರದಿ ಮಾಡಬೇಕು ಎಂಬುದನ್ನು ಬರೆದ ಪುಟ್ಟ ಹಳದಿ ಕಾರ್ಡನ್ನು ಪ್ರತಿಯೊಬ್ಬರ ಕೈಗೂ ಕೊಡುತ್ತಾರೆ.

ಮಕ್ಕಳ ಜೊತೆ ಒಬ್ಬರೇ ಹಿರಿಯರು ಇರಬಾರದೆಂಬ ನಿಯಮವನ್ನು ಅಮೆರಿಕದ ಸ್ಕೌಟ್ ಸಂಸ್ಥೆ ಬಹಳ ಹಿಂದೆಯೇ ಮಾಡಿತ್ತು. ಆದರೂ ಹಳೆಯ ದೌರ್ಜನ್ಯಗಳ ಲೆಕ್ಕ ತೀರಿಸಲಾಗದೆ 2020ರಲ್ಲಿ ಅದು ದಿವಾಳಿತನಕ್ಕೆ ಅರ್ಜಿ ಹಾಕಬೇಕಾಯಿತು, 82,000ಕ್ಕೂ ಹೆಚ್ಚು ಮಂದಿ ಪರಿಹಾರ ಕೋರಿ ಮುಂದೆ ಬಂದರು. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುವವರು ಆ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಕೇರ್‌ಟೇಕರ್ ಮೇಷ್ಟ್ರು, ಕೊಪ್ಪಳ

ಲೀಸ್ಟರ್ ಸರ್, ಒಂದು ಆಕ್ಷೇಪಣೆ. ಹಿರಿಯರಿಲ್ಲದಿದ್ದರೆ ಮಕ್ಕಳನ್ನು ಸೇರಿಸಿಕೊಳ್ಳಬೇಡಿ ಎಂಬ ನಿಯಮವನ್ನು ಇಲ್ಲಿ ತಂದರೆ ಮೊದಲು ಮುಚ್ಚುವುದು ನನ್ನಂಥವರ ಶಾಲೆಯ ಟ್ರೂಪು, ಬೆಂಗಳೂರಿನ ದೊಡ್ಡ ಶಾಲೆಯದಲ್ಲ. ನಮ್ಮ ಮಕ್ಕಳ ಪೋಷಕರು ಕೂಲಿಗೆ ಹೋಗುವವರು. ಒಂದು ದಿನ ಬಂದು ನಿಂತರೆ ಆ ದಿನದ ಸಂಬಳ ಹೋಯಿತು. ‘ನಾನೇ ಬರುತ್ತೇನೆ’ ಎನ್ನಲು ಅವರಿಗೆ ಬಿಡುವೆಲ್ಲಿದೆ?

ಹಳೆಯ ಎಸ್‌ಯುಒ

ನಾನು ಪದವಿಯಲ್ಲಿದ್ದಾಗ ಸೀನಿಯರ್ ಅಂಡರ್ ಆಫೀಸರ್, ಅಂದರೆ ಕೆಡೆಟ್‌ಗಳಲ್ಲೇ ಹಿರಿಯ ದರ್ಜೆಯವನು ಆಗಿದ್ದೆ. ಹಿರಿಯರು ಬರದ ದಿನ ಮೈದಾನ ಖಾಲಿಯಿರುವುದಿಲ್ಲ ಎಂಬುದನ್ನು ಎಲ್ಲರೂ ಮರೆಯುತ್ತಿದ್ದೀರಿ. ಎಎನ್‌ಒ ಸಾಹೇಬರು ಸಭೆಗೆ ಹೋದರೆ ಪರೇಡ್ ನಿಲ್ಲುವುದಿಲ್ಲ, ಸೀನಿಯರ್ ಕೆಡೆಟ್ ಕೈಗೆ ಬರುತ್ತದೆ. ಇಪ್ಪತ್ತರ ಹುಡುಗನಿಗೆ ನೂರು ಜನರ ಮೇಲೆ ಅಧಿಕಾರ ಸಿಗುತ್ತದೆ, ಪ್ರಶ್ನಿಸುವವರಿರುವುದಿಲ್ಲ. 2023ರಲ್ಲಿ ಠಾಣೆಯ ಕಾಲೇಜೊಂದರಲ್ಲಿ ಮಳೆನೀರು ನಿಂತ ನೆಲದಲ್ಲಿ ತಲೆಯೂರಿ ನಿಲ್ಲಿಸಿದ ಕಿರಿಯ ಕೆಡೆಟ್‌ಗಳಿಗೆ ಸೀನಿಯರ್ ಒಬ್ಬ ಕೋಲಿನಿಂದ ಹೊಡೆಯುವ ವಿಡಿಯೊ ದೇಶವೆಲ್ಲ ಹರಡಿತು. ಹೊಡೆದವನೂ ವಿದ್ಯಾರ್ಥಿಯೇ. ‘ರಗಡಾ’ ಎಂಬ ಶಿಕ್ಷೆಯ ಹೆಸರಿನಲ್ಲಿ ಅದಕ್ಕಿಂತ ಕಡಿಮೆ ತೀವ್ರತೆಯದನ್ನು ನಾವೆಲ್ಲ ಕಂಡವರೇ, ಯಾರೂ ವಿಡಿಯೊ ಮಾಡಿರಲಿಲ್ಲ ಅಷ್ಟೆ.

ವಕೀಲೆ ಮೇಡಂ ಹೇಳಿದ ವಯಸ್ಸಿನ ಮಾತನ್ನು ಇದಕ್ಕೆ ಸೇರಿಸಿ ನೋಡಿ. ಪಿಯುಸಿ, ಪದವಿ ಎರಡೂ ಒಂದೇ ಆವರಣದಲ್ಲಿರುವ ಕಡೆ ಹದಿನಾರರವರೂ ಇಪ್ಪತ್ತೊಂದರವರೂ ಒಂದೇ ಮೈದಾನದಲ್ಲಿ ನಿಲ್ಲುತ್ತಾರೆ. ಕಾನೂನಿನ ಕಣ್ಣಿನಲ್ಲಿ ಸೀನಿಯರ್ ವಯಸ್ಕ. ಹಾಗೆಂದು ಅವನನ್ನು ಮೇಲ್ವಿಚಾರಕರ ಲೆಕ್ಕಕ್ಕೆ ಹಿಡಿಯುವುದು ಅವನಿಗೂ ಅನ್ಯಾಯ, ಕಿರಿಯರಿಗೂ ಅನ್ಯಾಯ.

ನಿವೃತ್ತ ಸುಬೇದಾರ್, ಕೊಡಗು

ರಗಡಾ ವಿಷಯದಲ್ಲಿ ಎಸ್‌ಯುಒ ಹೇಳಿದ್ದಕ್ಕೆ ನನ್ನ ವಿರೋಧವಿಲ್ಲ. ಶಿಕ್ಷೆ ಕೊಡುವ ಅಧಿಕಾರ ಕೆಡೆಟ್‌ಗೆ ಯಾವತ್ತೂ ಇಲ್ಲ. ನಾನಿದ್ದ ಕಡೆ ಹಾಗೆ ಮಾಡಿದವನ ಪಟ್ಟಿ ಅಂದೇ ಬಿಚ್ಚಿಸಿದ್ದೇವೆ. ಆದರೆ ಪೊಲೀಸ್ ಪ್ರಮಾಣಪತ್ರ ತನ್ನಿ ಎಂದು ಮಾಜಿ ಸೈನಿಕನನ್ನು ಕೇಳಿದರೆ ಅವನಿಗೆ ನೋವಾಗುತ್ತದೆ, ಅದನ್ನು ಹೇಗೆ ಕೇಳಬೇಕೆಂದು ಯೋಚಿಸಿ.

ಗೈಡ್ ಕ್ಯಾಪ್ಟನ್, ತುಮಕೂರು

ಸರ್, ಎಲ್ಲರಿಂದಲೂ ಕೇಳಿದರೆ ಯಾರಿಗೂ ನೋವಾಗುವುದಿಲ್ಲ. ನಮ್ಮ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯೇ ಮೊದಲು ತಂದಿಟ್ಟರು, ಆಮೇಲೆ ಒಬ್ಬರೂ ಮಾತಾಡಲಿಲ್ಲ.

ಸ್ಕೌಟ್ಸ್ ಮತ್ತು ಗೈಡ್ಸ್ ಕಡೆಯಿಂದ ಒಂದೆರಡು ವಿಷಯ. ನಮ್ಮಲ್ಲಿ ತರಬೇತಿ ಪಡೆದವರು ಕಡಿಮೆ ಎನ್ನುವಂತಿಲ್ಲ. ಬೇಸಿಕ್ ಕೋರ್ಸ್ ಮುಗಿಸಿದ ಶಿಕ್ಷಕಿಯರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಅಡ್ವಾನ್ಸ್ಡ್ ಕೋರ್ಸ್‌ಗೆ ಹೋಗುವವರು ವಿರಳ, ಅದರ ಮೇಲಿನ ಹಂತವಾದ ಹಿಮಾಲಯ ವುಡ್ ಬ್ಯಾಡ್ಜ್‌ವರೆಗೆ ತಲುಪುವವರನ್ನು ಬೆರಳಲ್ಲೇ ಎಣಿಸಬಹುದು. ಬೇಸಿಕ್ ಮುಗಿಸಿದವರು ಏಕೆ ಮುಂದುವರಿಯುವುದಿಲ್ಲ ಎಂದು ನಾನು ಹಲವರನ್ನು ಕೇಳಿದ್ದೇನೆ. ನಿಯಮ ಜಾಸ್ತಿಯಾಯಿತು ಎಂದವರು ಒಬ್ಬರೂ ಇಲ್ಲ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಶಿಬಿರ ಮುಗಿಸಿ ಬಂದ ಮೇಲೆ ಬದಲಿ ರಜೆ ಕೊಡಲಿಲ್ಲ, ಕೈಯಿಂದ ಹಾಕಿದ ಬಸ್ ಚಾರ್ಜು ವರ್ಷವಾದರೂ ಬಂದಿಲ್ಲ, ಶಿಬಿರದಲ್ಲಿ ಶಿಕ್ಷಕಿಯರಿಗೆಂದು ಬೇರೆ ಶೌಚಾಲಯವಿರಲಿಲ್ಲ. ಇವೇ ಉತ್ತರಗಳು. ಮಹಿಳಾ ಸಿಬ್ಬಂದಿ ಸಿಗುತ್ತಿಲ್ಲ ಎಂದು ಬರೆಯುವ ಪುರುಷರು ಈ ಪಟ್ಟಿಯನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಇನ್ನು ಪೋಷಕರ ವಿಷಯ. ಕೊಪ್ಪಳದ ಮೇಷ್ಟ್ರು ಹೇಳಿದ್ದು ನಿಜ, ಎಲ್ಲರಿಗೂ ಬರಲಾಗುವುದಿಲ್ಲ. ನಾವು ಶಿಬಿರಕ್ಕೆ ಬರುವ ತಾಯಂದಿರಿಗೆ ಕಾವಲಿನ ಹೊಣೆ ಕೊಡುವುದಿಲ್ಲ, ಅಡುಗೆ, ನೀರು, ಔಷಧಿ ಪೆಟ್ಟಿಗೆ ಅವರ ಕೈಗೆ ಬಿಡುತ್ತೇವೆ. ತರಬೇತಿ ಪಡೆದ ಶಿಕ್ಷಕಿಗೆ ಅಷ್ಟು ಕೆಲಸ ಕಡಿಮೆಯಾದರೆ ಅವರು ರಾತ್ರಿ ಎಚ್ಚರವಾಗಿ ಕೂರಬಲ್ಲರು. ಮಲಗುವ ಕೋಣೆಗೆ ಇಬ್ಬರು ಶಿಕ್ಷಕಿಯರು, ಬಾಗಿಲ ಪಕ್ಕ ಒಬ್ಬರ ಹಾಸಿಗೆ, ಶೌಚಾಲಯದ ದಾರಿಯಲ್ಲಿ ರಾತ್ರಿಯಿಡೀ ದೀಪ, ಹತ್ತಕ್ಕೂ ಐದಕ್ಕೂ ಹೆಸರು ಕೂಗಿ ಹಾಜರಿ. ಮಕ್ಕಳ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಇಬ್ಬರು ಹಿರಿಯರಿರುತ್ತಾರೆ. ಯಾವ ಶಿಕ್ಷಕರೂ ಯಾವ ಮಗುವಿಗೂ ಪ್ರತ್ಯೇಕವಾಗಿ ಸಂದೇಶ ಕಳುಹಿಸುವಂತಿಲ್ಲ.

ಎಸ್‌ಪಿಸಿ ಶಿಕ್ಷಕಿ, ಮೈಸೂರು

ನಮ್ಮ ಶಾಲೆಯಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇದೆ. ಅದು ಕೇರಳದಲ್ಲಿ 2010ರಲ್ಲಿ ಆರಂಭವಾಗಿ 2018ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಯೋಜನೆ. ಕೇರಳದ ಮಾದರಿಯಲ್ಲಿ ಒಂದು ತಂಡಕ್ಕೆ ಮಕ್ಕಳು 44 ಮಾತ್ರ, 22 ಹುಡುಗರು, 22 ಹುಡುಗಿಯರು. ಶಾಲೆಯ ಕಡೆಯಿಂದ ಒಬ್ಬ ಶಿಕ್ಷಕರು, ಒಬ್ಬ ಶಿಕ್ಷಕಿ. ಪೊಲೀಸ್ ಠಾಣೆಯ ಕಡೆಯಿಂದ ಡ್ರಿಲ್ ಕಲಿಸಲು ಒಬ್ಬ ಪುರುಷ, ಒಬ್ಬ ಮಹಿಳಾ ಸಿಬ್ಬಂದಿ. ಯೋಜನೆ ಬರೆಯುವಾಗಲೇ ಹಿರಿಯರ ಲೆಕ್ಕ ಹಾಕಿಬಿಟ್ಟಿದ್ದಾರೆ. ಅಲ್ಲಿಯೂ ವರ್ಗಾವಣೆಯ ಕಾಟ ತಪ್ಪಿದ್ದಲ್ಲ, ಠಾಣೆಯಲ್ಲಿ ಬಂದೋಬಸ್ತ್ ಇದ್ದ ವಾರ ಯಾರೂ ಬರುವುದಿಲ್ಲ. ಆದರೂ ಮಹಿಳಾ ಸಿಬ್ಬಂದಿ ಇಲ್ಲವೆಂದು ಹುಡುಗಿಯರನ್ನು ಬಿಟ್ಟು ಹುಡುಗರನ್ನಷ್ಟೇ ಕರೆದೊಯ್ಯುವ ಪ್ರಸಂಗ ನಮ್ಮಲ್ಲಿ ಬಂದಿಲ್ಲ. ಹೋದರೆ ಎಲ್ಲರೂ ಹೋಗುತ್ತೇವೆ, ಇಲ್ಲದಿದ್ದರೆ ಯಾರೂ ಹೋಗುವುದಿಲ್ಲ.

ಕರಾವಳಿಯ ಎಎನ್‌ಒ

ಎಲ್ಲರ ಉತ್ತರಗಳಿಗೂ ಧನ್ಯವಾದ. ಮೈಸೂರಿನ ಮೇಡಂ ಹೇಳಿದ ಕೊನೆಯ ಮಾತನ್ನು ಪ್ರಾಂಶುಪಾಲರ ಮುಂದಿಟ್ಟೆ. ‘ಹುಡುಗರ ಪಟ್ಟಿಗೂ ಸಹಿ ಹಾಕುವುದಿಲ್ಲ ಎಂದರೆ ಬೆಟಾಲಿಯನ್ನಿಗೆ ಏನು ಉತ್ತರ ಕೊಡುವುದು?’ ಎಂದು ಕೇಳಿದರು. ಕಾರಣ ಬರೆದು ಕಳುಹಿಸೋಣ ಎಂದೆ. ಇದುವರೆಗೆ ನಮ್ಮಿಂದ ಹೋಗಿರುವ ಪತ್ರಗಳಲ್ಲೆಲ್ಲ ‘ಹುಡುಗಿಯರು ಲಭ್ಯರಿಲ್ಲ’ ಎಂದೇ ಇದೆ. ಸಿಬ್ಬಂದಿ ಇಲ್ಲ ಎಂದು ಯಾರೂ ಬರೆದಿಲ್ಲ. ಕಡತದಲ್ಲಿ ಹಾಗಿದ್ದರೆ, ಮೇಲಿನವರಿಗೆ ಕೊರತೆ ಗೊತ್ತಾಗುವುದಾದರೂ ಹೇಗೆ?

ಸದ್ಯಕ್ಕೆ ಒಂದು ದಾರಿ ಕಾಣುತ್ತಿದೆ. ಇದೇ ಬೆಟಾಲಿಯನ್ನಿಗೆ ಸೇರಿದ ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲಿ ಗ್ವಾಲಿಯರ್‌ನಲ್ಲಿ ತರಬೇತಿ ಪಡೆದ ಮಹಿಳಾ ಎಎನ್‌ಒ ಇದ್ದಾರೆ. ಅವರು ತಮ್ಮ ಹುಡುಗಿಯರನ್ನು ಕರೆತರುತ್ತಿದ್ದಾರೆ. ನಮ್ಮವರನ್ನೂ ಅವರ ತಂಡದ ಜೊತೆ ಸೇರಿಸಬಹುದೇ ಎಂದು ಎರಡೂ ಕಾಲೇಜಿನವರು ಲಿಖಿತವಾಗಿ ಕೇಳಿಕೊಂಡಿದ್ದೇವೆ. ಅವರೊಬ್ಬರ ಮೇಲೇ ಭಾರ ಬೀಳಬಾರದೆಂದು ನಮ್ಮ ಗ್ರಂಥಪಾಲಕಿ ಎರಡನೆಯವರಾಗಿ ಹೊರಡಲು ಒಪ್ಪಿದ್ದಾರೆ, ಕಾಯಂ ನೌಕರರೇ ಆದ್ದರಿಂದ ಪ್ರಾಂಶುಪಾಲರ ಅಡ್ಡಿಯೂ ಇಲ್ಲ. ಬೋಧಕರಲ್ಲದವರನ್ನು ಬೆಟಾಲಿಯನ್ ಒಪ್ಪುತ್ತದೆಯೇ ಎಂಬುದು ಬಾಕಿ ಇದೆ. ಹಾಗೆ ಕಳುಹಿಸಿದ ಅನುಭವ ಯಾರಿಗಾದರೂ ಇದ್ದರೆ ತಿಳಿಸಿ.

ಗೈಡ್ ಕ್ಯಾಪ್ಟನ್, ತುಮಕೂರು

ಬೆಟಾಲಿಯನ್ನಿನ ವಿಷಯ ನನಗೆ ತಿಳಿಯದು ಸರ್. ಗ್ರಂಥಪಾಲಕಿ ಮೇಡಂ ಹೊರಡುವ ಮೊದಲು ಅವರ ಹೆಸರಿಗೆ ಅನ್ಯಕಾರ್ಯ ನಿಮಿತ್ತದ ಆದೇಶ ಮಾಡಿಸಿ, ಬದಲಿ ರಜೆಯ ಮಾತನ್ನು ಅದೇ ಆದೇಶದಲ್ಲಿ ಬರೆಸಿಬಿಡಿ. ಬಂದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಕೆಡೆಟ್‌ನ ತಾಯಿ, ದಾವಣಗೆರೆ

ಪತ್ರದ ವಿಷಯ ಓದಿದ ಮೇಲೆ, ಹೋದ ವರ್ಷ ಮಗಳ ಕಾಲೇಜಿನಿಂದ ಬೆಟಾಲಿಯನ್ನಿಗೆ ಏನೆಂದು ಬರೆದಿದ್ದರು ಎಂದು ವಿಚಾರಿಸಲು ಸೋಮವಾರ ಕಾಲೇಜಿಗೆ ಹೋಗುತ್ತಿದ್ದೇನೆ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ, ವಕೀಲೆ ಮೇಡಂ?

ವಕೀಲೆ, ಧಾರವಾಡ

ಸರ್ಕಾರಿ ಕಾಲೇಜಾದರೆ ಖಂಡಿತ ಕೇಳಬಹುದು. ಗಣನೀಯ ಪ್ರಮಾಣದ ಸರ್ಕಾರಿ ಅನುದಾನ ಪಡೆಯುವ ಕಾಲೇಜಾದರೂ ಕೇಳಬಹುದು. ಅನುದಾನರಹಿತವಾದರೆ ಅದೇ ಪತ್ರವನ್ನು ಬೆಟಾಲಿಯನ್ ಕಚೇರಿಯಿಂದ ಕೇಳಿ. ಅವರಿಗೆ ತಲುಪಿದ ಪ್ರತಿ ಅವರ ಕಡತದಲ್ಲಿರುತ್ತದೆ. ಅರ್ಜಿಯಲ್ಲಿ ಶಿಬಿರದ ಹೆಸರು, ದಿನಾಂಕ, ಪತ್ರ ಹೋದ ತಿಂಗಳು ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಮಗಳ ಹೆಸರನ್ನು ಬರೆಯುವ ಅಗತ್ಯವಿಲ್ಲ.